ಕೋವಿಗೂ ಮಾನವುಂಟೇ?

ಆಯುಧ ಹಿಡಿದವನ ಕೀರ್ತಿಯನ್ನು ಕುರಿತು ಲೋಕವು ಬಹುಕಾಲದಿಂದ ಮಾತನಾಡುತ್ತ ಬಂದಿದೆ. ಹಿಡಿದವನನ್ನು ಬದಿಗೆ ಸರಿಸಿ ಆಯುಧದ ಕೀರ್ತಿಯನ್ನೇ ಕುರಿತು ವಾದಿಸುವ ಅಭಿರುಚಿಯು ಯಂತ್ರಯುಗದಲ್ಲಿ ವಿಶೇಷವಾಗಿ ಬೆಳೆದಿದೆ. ಅಮೆರಿಕ ಮತ್ತು ಯುರೋಪುಗಳಲ್ಲಿ ಮೊದಲನೆಯ ಮಹಾಯುದ್ಧದ ಕಾಲದ ಲಘು ಮೆಷಿನ್‌ಗನ್ನುಗಳನ್ನು ಶ್ರದ್ಧೆಯಿಂದ ಸಂಗ್ರಹಿಸುವವರಿದ್ದಾರೆ. ಅವುಗಳಲ್ಲಿ ಯಾವುದು ಶ್ರೇಷ್ಠ, ಯಾವುದು ಅಧಮ, ಯಾವುದಕ್ಕೆ ಅನ್ಯಾಯವಾಗಿ ಕೆಟ್ಟ ಹೆಸರು ಬಂದಿತು ಎಂಬ ವಿಷಯವಾಗಿ ಅವರಲ್ಲಿ ದಶಕಗಳಿಂದ ವಾಗ್ವಾದ ನಡೆದಿದೆ, ಗ್ರಂಥಗಳೂ ಬಂದಿವೆ. ಈ ವಾದದಲ್ಲಿ ಯಾವ ಪಕ್ಷವೇ ಗೆಲ್ಲಲಿ, ವಾದದ ಅಳತೆಗೋಲೇ ದೋಷಯುಕ್ತವಾದುದು ಎಂಬುದು ನಮ್ಮ ನಿಲುವು.

ಇದರಿಂದ ನಮಗೇನು ಎಂದು ಶ್ರಾವಕ ಬಂಧುಗಳು ಕೇಳಬಹುದು. ಭಾರತದ 1959ರ ಶಸ್ತ್ರಾಸ್ತ್ರ ಕಾಯಿದೆಯು ಇಂತಹ ಸ್ವಯಂಚಾಲಿತ ಕೋವಿಗಳನ್ನು ನಿಷಿದ್ಧ ಆಯುಧಗಳ ವರ್ಗದಲ್ಲಿ ಸೇರಿಸಿದೆ. ನಮ್ಮಲ್ಲಿ ಯಾರ ಮನೆಯ ಗೋಡೆಯ ಮೇಲೂ ಅವು ತೂಗಲಾರವು. ಆದರೆ ಹೊಗಳಿಕೆಗೆ ಪರವಾನಗಿ ಬೇಕಿಲ್ಲ. ಕೃತ, ಕಾರಿತ, ಅನುಮತ ಎಂಬ ಮೂರು ದಾರಿಗಳಲ್ಲಿ ಪಾಪವು ಆತ್ಮನನ್ನು ಸೇರುತ್ತದೆಂದು ಬಲ್ಲವರಿಗೆ ಮೂರನೆಯ ದಾರಿಯು ಎಷ್ಟು ಸುಲಭವಾದುದೆಂದು ಹೇಳಬೇಕಾಗಿಲ್ಲ. ಕೈ ಎತ್ತದೆ, ಕಾಸು ಕೊಡದೆ, ಕುಳಿತಲ್ಲಿಯೇ ಮೆಚ್ಚಿ ತಲೆದೂಗಿದರೆ ಅಷ್ಟೇ ಸಾಕು. ಪುಸ್ತಕ, ಚಲನಚಿತ್ರ, ಆಟಗಳ ಮೂಲಕ ಈ ಮೆಚ್ಚುಗೆಯು ನಮ್ಮ ಮಕ್ಕಳವರೆಗೂ ಬಂದಿದೆ. ಹೊರನಾಡಿನಲ್ಲಿ ನೆಲೆಸಿರುವ ನಮ್ಮ ಕುಟುಂಬಗಳ ಮಕ್ಕಳಿಗಂತೂ ಅದು ಇನ್ನೂ ಸಮೀಪದ್ದು.

ವಾದದ ನಡುವೆ ಇರುವ ಒಂದು ಕೋವಿಯನ್ನೇ ತೆಗೆದುಕೊಳ್ಳೋಣ. ಅದರ ಹೆಸರು ಶೋಶಾ. ಫ್ರಾನ್ಸಿನ ಸೈನ್ಯವು 1915ರಲ್ಲಿ ಅಂಗೀಕರಿಸಿದ ಈ ಲಘು ಮೆಷಿನ್‌ಗನ್ನಿನ ಅಧಿಕೃತ ಹೆಸರಿನಲ್ಲಿ ಸಿ.ಎಸ್.ಆರ್.ಜಿ. ಎಂಬ ನಾಲ್ಕು ಅಕ್ಷರಗಳಿವೆ. ಶೋಶಾ, ಸುತೆರ್, ರಿಬೆರೋಲ್ ಎಂಬ ಮೂವರು ವ್ಯಕ್ತಿಗಳು. ನಾಲ್ಕನೆಯದು ಗ್ಲಾಡಿಯೇಟರ್ ಎಂಬ ಕಾರ್ಖಾನೆ. ಅದು ಸೈಕಲ್ಲು ತಯಾರಿಸುತ್ತಿದ್ದ ಕಾರ್ಖಾನೆ. ಜನರನ್ನು ಊರಿಂದೂರಿಗೆ ಒಯ್ಯುವ ಗಾಲಿಗಳನ್ನು ಮಾಡಿದ ಕೈಗಳೇ 1918ರ ಹೊತ್ತಿಗೆ ಎರಡೂವರೆ ಲಕ್ಷಕ್ಕೂ ಮೀರಿದ ಶೋಶಾಗಳಲ್ಲಿ ಬಹುಪಾಲನ್ನು ಮಾಡಿ ಕಳುಹಿಸಿದವು. ಆ ಯುದ್ಧದಲ್ಲಿ ಇಷ್ಟು ಸಂಖ್ಯೆಯಲ್ಲಿ ತಯಾರಾದ ಸ್ವಯಂಚಾಲಿತ ಆಯುಧ ಮತ್ತೊಂದಿಲ್ಲ.

ಸುಮಾರು 9 ಕಿಲೋ ತೂಕದ ಈ ಕೋವಿಯನ್ನು ಒಬ್ಬನೇ ಸೈನಿಕನು ಹೆಗಲಿಗೆ ಪಟ್ಟಿ ಹಾಕಿಕೊಂಡು ನಡೆಯುತ್ತಲೇ ಹಾರಿಸಬಹುದಾಗಿತ್ತು. ನಿಮಿಷಕ್ಕೆ ಸುಮಾರು 250 ಗುಂಡುಗಳ ವೇಗ. ತೋಟಾಗಳನ್ನು ತುಂಬುವ ಅರ್ಧಚಂದ್ರಾಕಾರದ ಮ್ಯಾಗಜಿನ್ನಿನಲ್ಲಿ 20 ತೋಟಾಗಳಿಗೆ ಸ್ಥಳ. ಎಷ್ಟು ಉಳಿದಿವೆಯೆಂದು ಕಾಣುವಂತೆ ಅದರ ಒಂದು ಪಕ್ಕವನ್ನು ತೆರೆದಿಟ್ಟಿದ್ದರು. ಆ ಕಿಂಡಿಗಳಿಂದಲೇ ಕಂದಕದ ಕೆಸರೂ ಒಳಸೇರಿ ಕೋವಿಯನ್ನು ನಿಲ್ಲಿಸುತ್ತಿತ್ತು. ಪ್ರತಿಯೊಂದು ಗುಂಡಿಗೂ ಇದರ ನಳಿಗೆಯೇ ಬಹುದೂರ ಹಿಂದೆ ಸರಿದು ಮುಂದೆ ಬರಬೇಕು. ಎಡೆಬಿಡದೆ ಹಾರಿಸಿದರೆ ಅದು ಕಾದು ಹಿಗ್ಗಿ, ಹಿಂದೆ ಸರಿದಲ್ಲಿಯೇ ಸಿಕ್ಕಿಕೊಂಡು, ತಣಿಯುವ ತನಕ ನಿಶ್ಚಲವಾಗುತ್ತಿತ್ತು.

1917ರಲ್ಲಿ ಯುದ್ಧಕ್ಕಿಳಿದ ಅಮೆರಿಕದ ಬಳಿ ಸಾಕಷ್ಟು ಲಘು ಮೆಷಿನ್‌ಗನ್ನುಗಳಿರಲಿಲ್ಲ. ಅದು ಫ್ರಾನ್ಸಿನಿಂದ ಸುಮಾರು 16,000 ಶೋಶಾಗಳನ್ನು ಕೊಂಡಿತು. ಅನಂತರ ತನ್ನದೇ ತೋಟಾಕ್ಕೆ ಹೊಂದುವಂತೆ ಬದಲಾಯಿಸಿದ ಸಾವಿರಾರು ಕೋವಿಗಳನ್ನೂ ಮಾಡಿಸಿಕೊಂಡಿತು. ಈ ಎರಡನೆಯ ಬಗೆಯಲ್ಲಿ ತೋಟಾ ಕೂರುವ ಕುಳಿಯ ಅಳತೆಯೇ ತಪ್ಪಿತ್ತು. ಗುಂಡು ಹಾರಿದ ಮೇಲೆ ಬರಿದಾದ ತೋಟಾ ಹೊರಗೆ ಬರುತ್ತಿರಲಿಲ್ಲ. ಊರಿಗೆ ಮರಳಿದ ಸೈನಿಕರ ನಿಂದೆಯು ಎರಡೂ ಬಗೆಗಳ ಮೇಲೆ ಸಮನಾಗಿ ಬಿದ್ದಿತು. “ಇತಿಹಾಸದ ಅತಿ ಕೆಟ್ಟ ಮೆಷಿನ್‌ಗನ್” ಎಂಬ ಪಟ್ಟವು ಶೋಶಾಕ್ಕೆ ಕಾಯಂ ಆಯಿತು.

ಇದನ್ನು ಅನ್ಯಾಯವೆಂದು ವಾದಿಸುವವರು ಸಂಗ್ರಾಹಕರ ಪೈಕಿಯೇ ಹುಟ್ಟಿದರು. ಜೆರಾರ್ ಡೆಮೆಜಾನ್ ಮತ್ತು ಈವ್ ಬುಫ್ತೊ ಬರೆದು 1995ರಲ್ಲಿ ಪ್ರಕಟವಾದ ಗ್ರಂಥದ ಹೆಸರು ‘ಆನರ್ ಬೌಂಡ್’. ಮಾನಕ್ಕೆ ಬದ್ಧವಾದುದು ಎಂಬುದು ಅದರ ತಾತ್ಪರ್ಯ. ಒಂದು ಕೋವಿಯ ಇತಿಹಾಸಕ್ಕೆ ಮಾನವೆಂಬ ಮಾತನ್ನು ಶಿರೋನಾಮೆಯಾಗಿ ಇಟ್ಟುದನ್ನು ಓದುಗರು ಗಮನಿಸಬೇಕು.

ಸಮರ್ಥಕರ ವಾದದಲ್ಲಿ ಸತ್ಯಾಂಶವಿದೆ ಎಂಬುದನ್ನು ಒಪ್ಪಲೇಬೇಕು. ಒಂದು ಬಗೆಯ ದೋಷವನ್ನು ಇನ್ನೊಂದರ ಮೇಲೆ ಹೊರಿಸುವುದು ಅಸತ್ಯ. ಅದು ನಿರ್ಜೀವ ವಸ್ತುವಿನ ವಿಷಯದಲ್ಲಿ ನಡೆದರೂ ಅಸತ್ಯವೇ. ಕೆಸರು ಒಳಬಿಟ್ಟ ಅದೇ ಕಿಂಡಿಯು ತೋಟಾ ಎಣಿಸುವವನಿಗೆ ಉಪಕಾರವಾಗಿತ್ತು. ಒಂದೇ ವಸ್ತುವನ್ನು ನೋಡುವ ದೃಷ್ಟಿ ಅನೇಕವೆಂದು ಅನೇಕಾಂತವಾದಿಗಳಿಗೆ ಬೇರೆಯವರು ಕಲಿಸಬೇಕಾಗಿಲ್ಲ. 1916ರ ಮಾರ್ಚ್ 9ರಂದು ಪಾಂಚೋ ವಿಲ್ಲಾನ ದಂಡು ನ್ಯೂ ಮೆಕ್ಸಿಕೊದ ಕೊಲಂಬಸ್ ಪಟ್ಟಣದ ಮೇಲೆ ಬೆಳಗಾಗುವ ಮುನ್ನ ಎರಗಿತು. ಅಲ್ಲಿದ್ದ ಬೆನೆ-ಮರ್ಸಿಯೆ ಕೋವಿಗಳು ಕತ್ತಲಲ್ಲಿ ಕೆಲಸಕ್ಕೆ ಬಾರದೆ ಹೋದವೆಂದು ಪತ್ರಿಕೆಗಳು ಅವನ್ನು ‘ಹಗಲಿನ ಕೋವಿ’ ಎಂದು ಹಾಸ್ಯ ಮಾಡಿದವು. ವಾಸ್ತವವಾಗಿ ನಾಲ್ಕು ಕೋವಿಗಳು ಸೇರಿ ಸುಮಾರು 20,000 ಗುಂಡುಗಳನ್ನು ಹಾರಿಸಿದ್ದವು. ಲೋಕಾಪವಾದವು ಸತ್ಯವನ್ನು ಹೇಗೆ ಮರೆಮಾಡಬಲ್ಲದು ಎಂಬುದಕ್ಕೆ ಇದೂ ಒಂದು ನಿದರ್ಶನ.

ಆದರೆ ಇಷ್ಟು ಒಪ್ಪಿದ ಮೇಲೆ ಉಳಿಯುವುದೇ ಮುಖ್ಯ ಪ್ರಶ್ನೆ. ಕೊಲಂಬಸ್ಸಿನ ಕೋವಿಗಳು ಕೆಟ್ಟವೆಂದು ಹೇಳಿದವರ ದುಃಖವೇನು? ಅವು ನಿಂತುಬಿಟ್ಟವು. ಅವು ಒಳ್ಳೆಯವೆಂದು ಹೇಳುವವರ ಸಮಾಧಾನವೇನು? ಅವು ನಿಲ್ಲಲಿಲ್ಲ. ಆ ದಿನ ಪಟ್ಟಣದ ನಿವಾಸಿಗಳೂ ಸೈನಿಕರೂ ಸತ್ತರು. ದಾಳಿಗೆ ಬಂದವರ ಪೈಕಿ ಸತ್ತವರು ಅದಕ್ಕೂ ಹಲವು ಪಟ್ಟು ಹೆಚ್ಚು. ಕೋವಿಯ ಮಾನವನ್ನು ತೂಗುವ ತಕ್ಕಡಿಯಲ್ಲಿ ಈ ಹೆಣಗಳೇ ತೂಕದ ಕಲ್ಲುಗಳಾಗಿವೆ. ಮೆಷಿನ್‌ಗನ್ನಿನ ‘ವಿಶ್ವಾಸಾರ್ಹತೆ’ ಎಂದರೆ ಕೊಲ್ಲುವ ಕಾರ್ಯದಲ್ಲಿ ನಡುವೆ ಬಿಡುವು ಕೊಡದಿರುವುದು ಎಂದಷ್ಟೇ ಅರ್ಥ. ಶೋಶಾ ಕೆಸರಿನಲ್ಲಿ ನಿಂತಾಗ ಅದನ್ನು ಹಿಡಿದಿದ್ದ ಬಡ ಸೈನಿಕನು ಸತ್ತಿರಬಹುದು. ಎದುರಿನ ಬಡ ಸೈನಿಕನು ಬದುಕಿರಬಹುದು. ಇಬ್ಬರಿಗೂ ತಾಯಂದಿರಿದ್ದರು. ದೂಷಕರು ಮೊದಲನೆಯವನನ್ನು ಮಾತ್ರ ಎಣಿಸುತ್ತಾರೆ. ಸಮರ್ಥಕರು ಕೋವಿಯನ್ನು ಮಾತ್ರ ಎಣಿಸುತ್ತಾರೆ. ಎರಡನೆಯವನು ಯಾರ ಲೆಕ್ಕದಲ್ಲಿಯೂ ಇಲ್ಲ. ದೃಷ್ಟಿಗಳು ಅನೇಕವೆಂದು ಸಾರುವ ಈ ಚರ್ಚೆಯಲ್ಲಿ ನಳಿಗೆಯ ಎದುರಿಗಿದ್ದವನ ದೃಷ್ಟಿಯೊಂದೇ ಕಾಣೆಯಾಗಿದೆ. ಇದು ಅನೇಕಾಂತವಲ್ಲ, ಅನೇಕಾಂತದ ವೇಷ ಧರಿಸಿದ ಏಕಾಂತ.

ಕೋವಿಗೆ ಕೀರ್ತಿ ಕೊಡುವುದರಿಂದ ಇನ್ನೊಂದು ಅನರ್ಥವೂ ಇದೆ. ಅಪಕೀರ್ತಿಯು ಅಂಟಿದಾಗ ಮನುಷ್ಯರು ಅದರ ಹಿಂದೆ ಅಡಗುತ್ತಾರೆ. ಅಳತೆ ತಪ್ಪಿದ ಕೋವಿಗಳನ್ನು ಪರೀಕ್ಷಿಸಿ ಒಪ್ಪಿದವರು ಯಾರು, ಸ್ವಲ್ಪವೇ ತರಬೇತಿ ಕೊಟ್ಟು ಹುಡುಗರನ್ನು ಕಂದಕಕ್ಕೆ ಇಳಿಸಿದವರು ಯಾರು ಎಂದು ಕೇಳುವ ಬದಲು “ಶೋಶಾ ಕೆಟ್ಟದ್ದು” ಎಂದರೆ ಕಡತ ಮುಗಿಯಿತು. ಸತ್ಕೀರ್ತಿಯು ಬಂದಾಗಲೂ ಹಾಗೆಯೇ. ಕಬ್ಬಿಣಕ್ಕೆ ಕಷಾಯಗಳಿಲ್ಲ, ಕ್ರೋಧವಿಲ್ಲ, ಮಾನವಿಲ್ಲ, ಮಾಯೆಯಿಲ್ಲ, ಲೋಭವಿಲ್ಲ. ಅವೆಲ್ಲವೂ ಇರುವುದು ಅದನ್ನು ಮಾಡಿಸಿದವರಲ್ಲಿ, ಕೊಂಡವರಲ್ಲಿ, ಈಗ ಅದನ್ನು ಹೊಗಳುತ್ತಿರುವವರಲ್ಲಿ.

ಅಮೆರಿಕದ ಇಡಾಹೊ ಪ್ರಾಂತದ ಥಾಮಸ್ ನೀಬೌರ್ ಎಂಬ ಸೈನಿಕನ ವೃತ್ತಾಂತವು ಇಲ್ಲಿ ವಿಚಾರಾರ್ಹವಾಗಿದೆ. ಶೋಶಾ ಹಿಡಿದು ಹೋರಾಡಿದವನಾದ್ದರಿಂದ ಸಮರ್ಥಕರಿಗೆ ಅವನ ಹೆಸರು ಒಂದು ಸಾಕ್ಷ್ಯ. 1918ರ ಅಕ್ಟೋಬರ್ 16ರಂದು ಫ್ರಾನ್ಸಿನ ಒಂದು ಗುಡ್ಡದ ಮೇಲೆ, ಎರಡೂ ಕಾಲುಗಳಿಗೆ ಗುಂಡು ತಗುಲಿದ್ದರೂ, ಜೊತೆಗಾರರೆಲ್ಲರೂ ಸತ್ತೋ ಗಾಯಗೊಂಡೋ ಬಿದ್ದಿದ್ದರೂ ಅವನು ಕೋವಿಯನ್ನು ನಡೆಸಿ ಎದುರಾಳಿಗಳನ್ನು ತಡೆದನು. ಹತ್ತಿರಕ್ಕೆ ಬಂದ ನಾಲ್ವರನ್ನು ಕೊಂದನು. 11 ಮಂದಿಯನ್ನು ಪಿಸ್ತೂಲು ತೋರಿಸಿ ಸೆರೆಹಿಡಿದು ತಂದನು. ಅವನಿಗೆ ಆ ದೇಶದ ಅತ್ಯುನ್ನತ ಸೇನಾ ಗೌರವವಾದ ಮೆಡಲ್ ಆಫ್ ಆನರ್ ದೊರೆಯಿತು. ಅಲ್ಲಿಯೂ ‘ಮಾನ’ವೆಂಬುದೇ ಪದ. ಸಂಗ್ರಾಹಕರ ಕಥೆ ಇಲ್ಲಿಗೆ ನಿಲ್ಲುತ್ತದೆ. ಮನುಷ್ಯನ ಕಥೆ ನಿಲ್ಲಲಿಲ್ಲ. 1939ರಲ್ಲಿ ಕುಟುಂಬದ ಹೊಟ್ಟೆ ತುಂಬಿಸಲಾರದೆ, ಪದಕಗಳಿಂದ ಊಟವಾಗದೆಂದು ಹೇಳಿ ಅವನು ಅವುಗಳನ್ನು ತನ್ನ ದೇಶದ ಕಾಂಗ್ರೆಸ್ಸಿಗೇ ಹಿಂದಕ್ಕೆ ಕಳುಹಿಸಿಬಿಟ್ಟನು. 1942ರಲ್ಲಿ ತೀರಿಕೊಂಡನು. ಮಾನವನ್ನು ಪಡೆದ ಮನುಷ್ಯನು ಅದನ್ನು ಮರಳಿಸಿದನು. ಅವನ ಬಗೆಯ ಕೋವಿಗೆ ಮಾನವನ್ನು ಮರಳಿ ಕೊಡಿಸಲು ಗ್ರಂಥಗಳು ಹುಟ್ಟಿದವು. ಈ ವೈಪರೀತ್ಯಕ್ಕೆ ಏನೆನ್ನಬೇಕು?

ಇನ್ನು ಸಂಗ್ರಹದ ವಿಚಾರ. ಅಮೆರಿಕದ 1934ರ ಕಾನೂನು ಖಾಸಗಿಯವರ ಮೆಷಿನ್‌ಗನ್ನುಗಳಿಗೆ ನೋಂದಣಿಯನ್ನೂ, ಹಸ್ತಾಂತರಕ್ಕೆ 200 ಡಾಲರ್ ತೆರಿಗೆಯನ್ನೂ ವಿಧಿಸಿತು. 1986ರ ಮೇ 19ರ ತರುವಾಯ ತಯಾರಾದ ಮೆಷಿನ್‌ಗನ್ನುಗಳು ಅಲ್ಲಿ ಖಾಸಗಿಯವರ ಹೆಸರಿಗೆ ನೋಂದಣಿಯಾಗುವಂತಿಲ್ಲ. ಹೀಗಾಗಿ ಕೊಳ್ಳಲು ದೊರೆಯುವ ಕೋವಿಗಳ ಸಂಖ್ಯೆಗೆ ಮಿತಿ ಬಿದ್ದಿತು. ಕೊಳ್ಳುವವರ ಆಸೆಗೆ ಮಿತಿ ಬೀಳಲಿಲ್ಲ. ಬೆಲೆಯು ಏರುತ್ತ ಹೋಯಿತು. ಹಿಂಸೆಯನ್ನು ತಡೆಯಲು ಕಟ್ಟಿದ ಬೇಲಿಯೇ ಪರಿಗ್ರಹಕ್ಕೆ ಗೊಬ್ಬರವಾಯಿತು. ಇಂತಹ ಪೇಟೆಯಲ್ಲಿ ಕೋವಿಯ ಕೀರ್ತಿ ಏರಿದರೆ ಒಡೆಯನ ಆಸ್ತಿಯೂ ಏರುತ್ತದೆ. ಕೀರ್ತಿಯ ಚರ್ಚೆ ಕೇವಲ ಜ್ಞಾನದ ಚರ್ಚೆಯೆಂದು ನಂಬುವ ಮುನ್ನ ಇದನ್ನು ನೆನೆಯಬೇಕು. ಶಾಸ್ತ್ರಕಾರರು ರೌದ್ರಧ್ಯಾನದ ನಾಲ್ಕು ಭೇದಗಳಲ್ಲಿ ಹಿಂಸೆಯಲ್ಲಿ ಆನಂದಿಸುವುದನ್ನು ಮೊದಲನೆಯದಾಗಿಯೂ, ಪರಿಗ್ರಹವನ್ನು ಕಾಯುವುದರಲ್ಲಿ ಆನಂದಿಸುವುದನ್ನು ಕೊನೆಯದಾಗಿಯೂ ಎಣಿಸಿದ್ದಾರೆ. ಎಣ್ಣೆ ಹಚ್ಚಿ ಒರೆಸಿ ಗಾಜಿನ ಕಪಾಟಿನಲ್ಲಿಟ್ಟ ಮೆಷಿನ್‌ಗನ್ನಿನ ಮುಂದೆ ಈ ಎರಡೂ ಒಂದಾಗುತ್ತವೆ.

“ನಾವು ಯಾರನ್ನೂ ಕೊಲ್ಲುವುದಿಲ್ಲ, ಇತಿಹಾಸವನ್ನು ಕಾಪಾಡುತ್ತಿದ್ದೇವೆ” ಎಂಬುದು ಸಂಗ್ರಾಹಕರ ಉತ್ತರ. ವಸ್ತುವನ್ನು ಉಳಿಸುವುದೂ ಇತಿಹಾಸವನ್ನು ಉಳಿಸುವುದೂ ಒಂದೇ ಅಲ್ಲ. ಆ ಯುದ್ಧದಲ್ಲಿ ಫ್ರಾನ್ಸ್ ಒಂದೇ ಕಳೆದುಕೊಂಡ ಸೈನಿಕರು 13 ಲಕ್ಷಕ್ಕೂ ಹೆಚ್ಚು. ಇದನ್ನು ಹೇಳದೆ ನಳಿಗೆಯ ಉದ್ದವನ್ನೂ ಮುದ್ರೆಯ ಅಂಕಿಯನ್ನೂ ಹೇಳುವುದು ಇತಿಹಾಸವಾಗಲಾರದು.

“ನಿಮ್ಮಲ್ಲಿಯೂ ಯೋಧರಿರಲಿಲ್ಲವೇ?” ಎಂದು ಇನ್ನು ಕೆಲವರು ಕೇಳಬಹುದು. ಇದ್ದರು, ಮರೆಮಾಚಬೇಕಾಗಿಲ್ಲ. ಗಂಗರ ಸೇನಾನಿ ಚಾವುಂಡರಾಯನು ರಣರಂಗಸಿಂಗ, ವೀರಮಾರ್ತಾಂಡ ಎಂಬ ಬಿರುದುಗಳನ್ನು ಪಡೆದವನು. ಗೃಹಸ್ಥನಿಗೆ ವಿರೋಧಿ ಹಿಂಸೆಯು ಸಂಪೂರ್ಣವಾಗಿ ತಪ್ಪದೆಂಬುದನ್ನು ನಮ್ಮ ಶ್ರಾವಕಾಚಾರವು ಬಲ್ಲದು. ಆದರೆ ಬಿರುದು ಸಂದದ್ದು ಮನುಷ್ಯನಿಗೆ. ತನ್ನ ಕರ್ಮಕ್ಕೆ ತಾನೇ ಉತ್ತರವಾದಿಯಾದ ಜೀವಕ್ಕೆ. ಅವನ ಖಡ್ಗ ಎಷ್ಟು ಹರಿತವಾಗಿತ್ತೆಂದು ಇಂದು ಯಾರೂ ಕೇಳುವುದಿಲ್ಲ. ಅವನು ಶ್ರವಣಬೆಳಗೊಳದಲ್ಲಿ ನಿಲ್ಲಿಸಿದುದು ಗೆದ್ದ ಗಳಿಗೆಯಲ್ಲಿಯೇ ಗೆಲುವನ್ನು ತೊರೆದ ಬಾಹುಬಲಿಯನ್ನು. ನಮ್ಮ ನಾಡಿನ ವೀರಗಲ್ಲುಗಳು ಕೂಡ ತುರುವನ್ನೋ ಊರನ್ನೋ ಕಾಯಲು ಬಿದ್ದವನಿಗಾಗಿ ನಿಂತಿವೆ. ಅವನ ಬಿಲ್ಲಿಗಾಗಿ ನಿಂತಿಲ್ಲ.

ಹಾಗಾದರೆ ಮಾಡತಕ್ಕುದೇನು? ಆಚಾರ್ಯ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳುವಾಗ ಹಿಂಸಾದಾನದ ಜೊತೆಗೆ ದುಃಶ್ರುತಿಯನ್ನೂ ಹೇಳಿದ್ದಾರೆ. ಹಿಂಸೆಯ ಉಪಕರಣವನ್ನು ಕೈಗೆ ಕೊಡುವುದು ಒಂದು. ಮನಸ್ಸನ್ನು ಕಲುಷಿತಗೊಳಿಸುವ ಮಾತನ್ನು ಕಿವಿಗೆ ಕೊಡುವುದು ಇನ್ನೊಂದು. ಮೊದಲನೆಯದನ್ನು ನಮ್ಮ ಕುಟುಂಬಗಳು ಬಹುಮಟ್ಟಿಗೆ ತ್ಯಜಿಸಿವೆ. ಎರಡನೆಯದು ಮನೆಯೊಳಗೇ ಬಂದು ಕುಳಿತಿದೆ. ಮಕ್ಕಳು ಯಂತ್ರದ ವಿಷಯವನ್ನು ಕೇಳಿದರೆ ಗದರಿಸಬೇಕಾಗಿಲ್ಲ. ನಳಿಗೆ ಏಕೆ ಹಿಗ್ಗಿತು ಎಂಬುದು ಒಳ್ಳೆಯ ಪ್ರಶ್ನೆಯೇ. ಅದಕ್ಕೆ ಉತ್ತರ ಹೇಳಿದ ಮೇಲೆ, ಅದು ಹಿಗ್ಗಿ ನಿಂತ ಆ ಗಳಿಗೆಯಲ್ಲಿ ಎದುರಿಗೆ ಯಾರಿದ್ದರು ಎಂಬ ಇನ್ನೊಂದು ಪ್ರಶ್ನೆಯನ್ನೂ ನಾವೇ ಕೇಳಬೇಕು.

ಬಸದಿಗಳ ಆಡಳಿತ ನೋಡುವ ಟ್ರಸ್ಟುಗಳು ಪಾಠಶಾಲೆಗಳಲ್ಲಿ ಅಹಿಂಸೆಯ ಪಾಠವನ್ನು ಹಸುರು ತರಕಾರಿ, ರಾತ್ರಿಭೋಜನಗಳಿಗೆ ಮಾತ್ರ ಸೀಮಿತಗೊಳಿಸದೆ, ಅನುಮೋದನೆಯ ಹಿಂಸೆಯನ್ನೂ ಉದಾಹರಣೆಸಹಿತ ಬೋಧಿಸಬೇಕು. ಯಾವುದೇ ಸಂಸ್ಥೆಯ ವಶದಲ್ಲಿ ಹಳೆಯ ಆಯುಧವಿದ್ದರೆ ಅದನ್ನು ಹೂಮಾಲೆಯಿಂದ ಅಲಂಕರಿಸದೆ ಕಾನೂನಿನಂತೆ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಬೇಕು. ಅಲ್ಲಿನ ಫಲಕದಲ್ಲಿ ಅದನ್ನು ಮಾಡಿಸಿದವರು ಯಾರು, ಹೊತ್ತವರು ಯಾರು, ಅದರ ಮುಂದೆ ಬಿದ್ದವರು ಯಾರು ಎಂಬ ಮೂರು ಸಾಲುಗಳಿರಲಿ ಎಂದು ಕೇಳುವ ಹಕ್ಕು ನಮಗಿದೆ.

ಶೋಶಾ ಒಳ್ಳೆಯ ಕೋವಿಯೋ ಕೆಟ್ಟ ಕೋವಿಯೋ ಎಂಬ ವ್ಯಾಜ್ಯದಲ್ಲಿ ತೀರ್ಪು ಕೊಡುವ ಗೊಡವೆ ಅಹಿಂಸಾವ್ರತಿಗೆ ಬೇಡ. ಚೆನ್ನಾಗಿ ಕೊಂದಿತು ಎಂಬುದು ಹೊಗಳಿಕೆಯಾಗಬಾರದು. ಚೆನ್ನಾಗಿ ಕೊಲ್ಲಲಿಲ್ಲ ಎಂಬುದು ತೆಗಳಿಕೆಯೂ ಆಗಬಾರದು. ಮಾನವೆಂಬುದು ಜೀವವಿರುವವರ ಸೊತ್ತು. ಅದನ್ನು ಕಬ್ಬಿಣಕ್ಕೆ ಧಾರೆಯೆರೆದಷ್ಟೂ ಮನುಷ್ಯನ ಪಾಲಿಗೆ ಉಳಿಯುವುದು ಕಡಿಮೆಯಾಗುತ್ತದೆ.