ನಕ್ಕವರ ತೀರ್ಪು

ಹಬ್ಬಕ್ಕೋ ರಜೆಗೋ ಒಮ್ಮೆ ಥಿಯೇಟರಿಗೆ ಹೋಗಿ, ಉಳಿದ ದಿನಗಳಲ್ಲಿ ಟೀವಿಯಲ್ಲೋ ಮೊಬೈಲಿನಲ್ಲೋ ಸಿಕ್ಕಿದ್ದನ್ನು ನೋಡಿಕೊಂಡಿರುವ ಪ್ರೇಕ್ಷಕರೇ ನಮ್ಮಲ್ಲಿ ಹೆಚ್ಚು. ಇವರಿಗೆ ನಿರ್ದೇಶಕರ ಹೆಸರು ನೆನಪಿರುವುದು ಕಡಿಮೆ. ಸಂಕಲನಕಾರರ ಹೆಸರಂತೂ ಕೇಳಲೇಬೇಡಿ. ಅಭಿಪ್ರಾಯಕ್ಕೆ ಮಾತ್ರ ಬರವಿಲ್ಲ. ‘ಫಸ್ಟ್ ಹಾಫ್ ಸೂಪರ್, ಸೆಕೆಂಡ್ ಹಾಫ್ ಎಳೆದುಬಿಟ್ಟಿದ್ದಾರೆ’, ‘ಒಂದ್ಸಲ ನೋಡಬಹುದು’, ‘ಮನೆಮಂದಿಯೆಲ್ಲ ಕೂತು ನೋಡೋ ಪಿಕ್ಚರ್ರು’, ‘ನಕ್ಕೂ ನಕ್ಕೂ ಸಾಕಾಯ್ತು’ ಎನ್ನುವಷ್ಟರಲ್ಲಿ ಅವರ ವಿಮರ್ಶೆ ಮುಗಿದಿರುತ್ತದೆ. ಸಿನಿಮಾವನ್ನು ಶಾಸ್ತ್ರೀಯವಾಗಿ ನೋಡುವವರು ಇಂಥ ಮಾತನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಬೇರೆ ಬಗೆಯ ಚಿತ್ರಗಳ ವಿಷಯದಲ್ಲಿ ಈ ಉಪೇಕ್ಷೆಗೆ ಅಷ್ಟಿಷ್ಟು ಕಾರಣವಿರಬಹುದು. ನಗೆಚಿತ್ರದ ಮಟ್ಟಿಗೆ ಇದು ತಪ್ಪು ಎಂಬುದು ನನ್ನ ವಾದ. ಪ್ರಶಸ್ತಿ ಪಡೆದ ಗಂಭೀರ ಚಿತ್ರವೊಂದನ್ನು ಆಕಳಿಸುತ್ತ ನೋಡಿದವರೂ ಹೊರಗೆ ಬಂದು ‘ಅದ್ಭುತ’ ಎಂದುಬಿಡಬಹುದು. ಹಾಗೆನ್ನದಿದ್ದರೆ ತಮ್ಮ ಅಭಿರುಚಿಯ ಬಗ್ಗೆ ನಾಲ್ಕು ಜನ ಏನೆಂದುಕೊಂಡಾರೋ ಎಂಬ ಅಳುಕು. ನಗುವಿಗೆ ಈ ಮುಲಾಜಿಲ್ಲ. ಮೇಲಧಿಕಾರಿಯ ಹಳಸಲು ಜೋಕಿಗೆ ನೌಕರ ಹಲ್ಲು ಕಿರಿಯಬಹುದು, ನಿಜ. ಕತ್ತಲೆಯ ಥಿಯೇಟರಿನಲ್ಲಿ, ಪರಿಚಯವಿಲ್ಲದವರ ಪಕ್ಕದಲ್ಲಿ, ದುಡ್ಡು ಕೊಟ್ಟು ಕೂತವನಿಗೆ ಆ ಹಂಗೂ ಇಲ್ಲ. ಅವನು ನಕ್ಕನೆಂದರೆ ಚಿತ್ರ ತಾನು ಕೊಟ್ಟ ಮಾತನ್ನು ಆ ಕ್ಷಣಕ್ಕಾದರೂ ಉಳಿಸಿಕೊಂಡಿದೆ ಎಂದೇ ಲೆಕ್ಕ.

ನಗುವವರ ಬಗೆಗಿನ ತಾತ್ಸಾರಕ್ಕೆ ವಯಸ್ಸು ಬಹಳ. ಭರತನ ನಾಟ್ಯಶಾಸ್ತ್ರ ಹಾಸ್ಯವನ್ನು ಎಂಟು ರಸಗಳಲ್ಲಿ ಒಂದೆಂದು ಒಪ್ಪುತ್ತದೆ, ಒಪ್ಪಿದ ಮೇಲೆ ನಗುವಿಗೂ ಮೆಟ್ಟಿಲು ಕಟ್ಟುತ್ತದೆ. ಸ್ಮಿತ, ಹಸಿತ ಉತ್ತಮರಿಗೆ. ವಿಹಸಿತ, ಉಪಹಸಿತ ಮಧ್ಯಮರಿಗೆ. ಅಪಹಸಿತ, ಅತಿಹಸಿತ ಅಧಮರಿಗೆ. ಹಲ್ಲು ಕಾಣದಂತೆ ಮುಗುಳ್ನಕ್ಕರೆ ದೊಡ್ಡವರು, ಪಕ್ಕೆ ಹಿಡಿದುಕೊಂಡು ಕಣ್ಣೀರು ಬರುವಂತೆ ನಕ್ಕರೆ ಕೀಳು. ಇಂದಿನ ಚಿತ್ರವಿಮರ್ಶೆಯಲ್ಲಿ ‘ಸೂಕ್ಷ್ಮ ಹಾಸ್ಯ’ ಎಂಬ ಮೆಚ್ಚುಗೆಯೂ ‘ಗಲ್ಲಾಪೆಟ್ಟಿಗೆಯ ಹಾಸ್ಯ’ ಎಂಬ ಮೂದಲಿಕೆಯೂ ಇದೇ ಮೆಟ್ಟಿಲುಗಳ ಮೇಲೆ ನಿಂತಿವೆ. ಈ ವರ್ಗೀಕರಣವನ್ನು ಉದ್ಧರಿಸುವವರು ಅದೇ ಗ್ರಂಥದ ಸಿದ್ಧಿಯ ಅಧ್ಯಾಯವನ್ನು ಅಷ್ಟಾಗಿ ತೆರೆಯುವುದಿಲ್ಲ. ನಾಟಕ ಗೆದ್ದಿತೋ ಸೋತಿತೋ ಎಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆ ಬಂದಾಗ ಭರತ ನೋಡುವುದು ಸಭೆಯ ಕಡೆಗೆ. ಪ್ರೇಕ್ಷಕರ ಮುಗುಳ್ನಗು, ಅರ್ಧ ನಗು, ಅಟ್ಟಹಾಸ, ‘ಭಲೆ’ ಎನ್ನುವ ಉದ್ಗಾರ, ಮೈ ನವಿರೇಳುವುದು, ಎದ್ದು ನಿಲ್ಲುವುದು ಇವೆಲ್ಲ ಆತ ಮಾನುಷೀ ಸಿದ್ಧಿಗೆ ಕೊಡುವ ಕುರುಹುಗಳು. ರಂಗ ತುಂಬಿದ್ದೂ ಸದ್ದಿಲ್ಲದಿದ್ದರೆ ಅದು ದೈವೀ ಸಿದ್ಧಿ. ಅಂದರೆ ಪಾತ್ರ ಹೇಗೆ ನಗಬೇಕೆನ್ನುವಾಗ ಮೇಲುಕೀಳು ಹಚ್ಚಿದ ಶಾಸ್ತ್ರವೇ, ಪ್ರಯೋಗದ ಫಲ ಅಳೆಯುವಾಗ ಜೋರು ನಗುವನ್ನೂ ಸಾಕ್ಷಿಕಟ್ಟೆಗೆ ಕರೆದಿದೆ. ನಾವು ಮೊದಲಿನದನ್ನು ಉಳಿಸಿಕೊಂಡೆವು, ಎರಡನೆಯದನ್ನು ಮರೆತೆವು.

ಮರೆತದ್ದರ ಪರಿಣಾಮ ನಮ್ಮ ಚಿತ್ರರಂಗದ ಮಾನಸನ್ಮಾನಗಳಲ್ಲಿ ಎದ್ದು ಕಾಣುತ್ತದೆ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರ್ ಮತ್ತು ಹಾಸ್ಯನಟ ನರಸಿಂಹರಾಜು ಒಟ್ಟಿಗೇ ತೆರೆಗೆ ಬಂದರು. ಮುಂದೆ ನಿರ್ಮಾಪಕರು ಮೊದಲು ನರಸಿಂಹರಾಜು ಅವರ ಕಾಲ್‌ಶೀಟ್ ಗಟ್ಟಿ ಮಾಡಿಕೊಂಡು ಆಮೇಲೆ ನಾಯಕನ ಬಳಿ ಹೋಗುತ್ತಿದ್ದರೆಂಬ ಮಾತು ಗಾಂಧಿನಗರದಲ್ಲಿ ಈಗಲೂ ಓಡಾಡುತ್ತದೆ. ಮಾತಿನಲ್ಲಿ ಉತ್ಪ್ರೇಕ್ಷೆ ಇರಲಿ, ಅದು ಹುಟ್ಟಿದ್ದು ಟಿಕೆಟ್ ಕೊಂಡವರ ಒಲವಿನಿಂದ. ಇನ್ನೊಬ್ಬ ಹಾಸ್ಯನಟ ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರಿನವರ ತುಟಿ ನೋಡಿಕೊಂಡು, ಮಾತಿಗೆ ಸರಿಯಾಗಿ ಮಾತು ಎಸೆಯುತ್ತಿದ್ದರು. ಹಾಸ್ಯದಲ್ಲಿ ಅರೆಕ್ಷಣ ತಡವಾದರೆ ನಗು ಸತ್ತುಹೋಗುತ್ತದೆ ಎಂಬುದನ್ನು ಬಲ್ಲವರಿಗೆ ಇದೆಂಥ ಸಾಧನೆಯೆಂದು ವಿವರಿಸಬೇಕಿಲ್ಲ. ಪ್ರಶಸ್ತಿಗೆ ಯಾವುದು ಕಾಣುತ್ತದೆ, ಯಾವುದು ಕಾಣುವುದಿಲ್ಲ ಎಂಬುದಕ್ಕೆ ಉಮಾಶ್ರೀ ಅವರ ಉದಾಹರಣೆ ಸ್ಪಷ್ಟ. 1984ರ ‘ಅನುಭವ’ದಿಂದ ಹೆಸರಾದ ಅವರು ನೂರಾರು ಚಿತ್ರಗಳಲ್ಲಿ, ಬಹಳಷ್ಟು ಸಲ ಅಗ್ಗದ ದ್ವಂದ್ವಾರ್ಥದ ಸಂಭಾಷಣೆಯನ್ನೂ ತಮ್ಮ ದನಿಯ ಏರಿಳಿತದಿಂದ ಎತ್ತಿ ಹಿಡಿದು, ಜನರನ್ನು ನಗಿಸಿದರು. ಶ್ರೇಷ್ಠ ನಟಿ ಎಂಬ ರಾಷ್ಟ್ರಪ್ರಶಸ್ತಿ ಬಂದದ್ದು ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ಗೆ, 2008ರ ಚಿತ್ರಕ್ಕೆ. ಪ್ರಶಸ್ತಿ ಸಲ್ಲಬೇಕಾದ್ದೇ. ಆದರೆ ಗುಲಾಬಿಯ ಪಾತ್ರದಲ್ಲಿ ಕಂಡ ಆ ಹದ, ಯಾವಾಗ ತಡೆಯಬೇಕು ಯಾವಾಗ ಬಿಡಬೇಕೆಂಬ ಅಂದಾಜು, ಹಿಂದಿನ ನಗೆಪಾತ್ರಗಳಲ್ಲೇ ಪಳಗಿದ್ದೆಂದು ಸಾಮಾನ್ಯ ಪ್ರೇಕ್ಷಕರಿಗೆ ಮೊದಲೇ ಗೊತ್ತಿತ್ತು. ರಾಷ್ಟ್ರಪ್ರಶಸ್ತಿಗಳಲ್ಲಿ ಜನಪ್ರಿಯ ಮನರಂಜನೆಗೆಂದೇ 1975ರಿಂದ ಒಂದು ಬೇರೆ ವಿಭಾಗವಿದೆ. ಗೌರವವೇನೋ ಹೌದು, ಆದರೆ ಬೇರೆ ಪಂಕ್ತಿ.

ಹಾಗಾದರೆ ಈ ಪ್ರೇಕ್ಷಕರು ಮೆಚ್ಚುವುದರಲ್ಲಿ ಕಸುಬುಗಾರಿಕೆ ಇರುತ್ತದೆಯೇ? ಫಣಿ ರಾಮಚಂದ್ರ ನಿರ್ದೇಶಿಸಿದ ‘ಗಣೇಶನ ಮದುವೆ’ಯನ್ನು ಹತ್ತಿರದಿಂದ ನೋಡೋಣ. 1990ರ ಈ ಚಿತ್ರ ಟೀವಿಯಲ್ಲಿ ಬಂದಾಗಲೆಲ್ಲ ರಿಮೋಟ್ ಕೆಳಗಿಡುವ ಮನೆಗಳು ಇವತ್ತಿಗೂ ಇವೆ. ಅನಂತನಾಗ್ ಅಭಿನಯಿಸಿದ ಗಣೇಶ ವಠಾರದ ಬಾಡಿಗೆದಾರ. ‘ಮುಖ್ಯಮಂತ್ರಿ’ ಚಂದ್ರು ಅವರ ರಮಣಮೂರ್ತಿ ಮನೆ ಮಾಲೀಕ. ವಿನಯಾ ಪ್ರಸಾದ್ ಅವರ ಆದಿಲಕ್ಷ್ಮಿ ಮಾಲೀಕನ ಮಗಳು. ಗಣೇಶನಿಗೂ ಆದಿಲಕ್ಷ್ಮಿಗೂ ಕಂಡರಾಗದು. ಅದೇ ಗಣೇಶ ಶ್ರುತಿ ಎಂಬ ಗಾಯಕಿಯ ದನಿಗೆ ಸೋತು, ವೈ.ಜಿ. ರಾವ್ ಎಂಬ ಹೆಸರಲ್ಲಿ ಕಾಗದ ಬರೆಯುತ್ತಾನೆ. ಶ್ರುತಿ ಎಂದರೆ ಆದಿಲಕ್ಷ್ಮಿಯೇ. ಎದುರೆದುರು ಜಗಳ, ಕಾಗದದಲ್ಲಿ ಪ್ರೀತಿ ಎನ್ನುವ ಈ ಗಂಟು ಹೊಸದೇನಲ್ಲ. ಹಾಲಿವುಡ್ ನಿರ್ದೇಶಕ ಅರ್ನ್ಸ್ಟ್ ಲುಬಿಚ್ 1940ರ ಚಿತ್ರದಲ್ಲೇ ಬುಡಾಪೆಸ್ಟಿನ ಅಂಗಡಿಯೊಂದರಲ್ಲಿ ಅದನ್ನು ಹಾಕಿ ಬಿಚ್ಚಿದ್ದ. ನಮ್ಮ ಚಿತ್ರದ ಜೀವವಿರುವುದು ಅದು ಈ ಗಂಟನ್ನು ತಂದು ವಠಾರದಲ್ಲಿ ಇಟ್ಟದ್ದರಲ್ಲಿ. ಒಬ್ಬರ ಮನೆಯ ಮಾತು ಇನ್ನೊಬ್ಬರ ಗೋಡೆಗೆ ಕೇಳುವ ಜಾಗದಲ್ಲಿ ಗುಟ್ಟು ಉಳಿಯುವುದೇ ಒಂದು ಪವಾಡ. ಅಂಥಲ್ಲಿ ಇಬ್ಬರು ತಾವು ಯಾರನ್ನು ಪ್ರೀತಿಸುತ್ತಿದ್ದೇವೆಂದು ತಾವೇ ತಿಳಿಯದೆ ಓಡಾಡುತ್ತಾರೆ, ಪ್ರೇಕ್ಷಕರಿಗೆ ಮಾತ್ರ ಮೊದಲಿನಿಂದ ಎಲ್ಲ ಗೊತ್ತು. ನಗು ಹುಟ್ಟುವುದು ಈ ತಿಳಿವಳಿಕೆಯ ಅಂತರದಲ್ಲಿ. ಅನಂತನಾಗ್ ಎಲ್ಲಿಯೂ ನಗಿಸಲು ಹೊರಟವರಂತೆ ಕಾಣುವುದಿಲ್ಲ. ಗಣೇಶನಿಗೆ ತನ್ನ ಕಷ್ಟ ನಿಜವಾದ ಕಷ್ಟ. ಮಾಲೀಕನಿಗೂ ಅಷ್ಟೇ, ಬಾಡಿಗೆದಾರನನ್ನು ಎಬ್ಬಿಸುವುದು ಅವನಿಗೆ ಜೀವನ್ಮರಣದ ಪ್ರಶ್ನೆ. ‘ಎಷ್ಟು ಸಲ ನೋಡಿದರೂ ಬೇಜಾರಾಗಲ್ಲ’ ಎನ್ನುವ ಪ್ರೇಕ್ಷಕರು ಇದನ್ನೆಲ್ಲ ಬಿಡಿಸಿ ಹೇಳಲಾರರು. ಆದರೆ ಅವರ ಆ ಒಂದು ವಾಕ್ಯ ಈ ಹೆಣಿಗೆಯನ್ನು ಗುರುತಿಸಿದೆ. ಮುಂದೇನಾಗುತ್ತದೆಂದು ಗೊತ್ತಿದ್ದೂ ಮತ್ತೆ ನಗು ಬರಬೇಕಾದರೆ ಜೋಕು ಮಾತ್ರ ಇದ್ದರೆ ಸಾಲದು.

ಇಲ್ಲಿ ಬಲವಾದ ಆಕ್ಷೇಪವೊಂದಿದೆ. ಇದೇ ಜನ ಗಂಡಸಿಗೆ ಸೀರೆ ಉಡಿಸಿದರೂ ನಗುತ್ತಾರೆ, ದಪ್ಪಗಿದ್ದವರು ಬಿದ್ದರೂ ನಗುತ್ತಾರೆ, ತೊದಲುವವರನ್ನು ಅಣಕಿಸಿದರೂ ನಗುತ್ತಾರೆ. ಕುಳ್ಳಗಿರುವುದು, ಕಪ್ಪಗಿರುವುದು, ಹೆಂಡತಿಗೆ ಹೆದರುವುದು ಯಾವುದನ್ನೂ ಬಿಟ್ಟಿಲ್ಲ. ಇಂಥವರ ತೀರ್ಪಿಗೆ ಬೆಲೆ ಕಟ್ಟುವುದು ಹೇಗೆ? ನಕ್ಕದ್ದು ಸುಳ್ಳೆಂದು ನಾನು ಹೇಳಲಾರೆ. ನಗು ಬಂದಿತೆಂಬುದಕ್ಕೆ ಪ್ರೇಕ್ಷಕರು ಸಾಕ್ಷಿ, ಆ ನಗು ನ್ಯಾಯವಾದದ್ದೇ ಎಂಬುದಕ್ಕೆ ಸಾಕ್ಷಿಯಲ್ಲ. ಅದನ್ನು ಕೇಳುವ ಕೆಲಸ ವಿಮರ್ಶೆಯದು, ಕೇಳಲೇಬೇಕು. ಆದರೆ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ತೊಂಬತ್ತರ ದಶಕದಿಂದೀಚೆಗೆ ನಮ್ಮ ಚಿತ್ರಗಳಲ್ಲಿ ಕಾಮಿಡಿ ಟ್ರ್ಯಾಕ್ ಎಂಬುದು ಕಥೆಗೆ ಹೊರಗಿನಿಂದ ಅಂಟಿಸಿದ ಬಾಲವಾಯಿತು. ಫೈಟ್ ಮುಗಿಯಿತು, ಹಾಡು ಮುಗಿಯಿತು, ಈಗ ಐದು ನಿಮಿಷ ಹಾಸ್ಯನಟರು. ಟೆನ್ನಿಸ್ ಕೃಷ್ಣ, ಬ್ಯಾಂಕ್ ಜನಾರ್ದನ್, ದೊಡ್ಡಣ್ಣ, ಸಾಧು ಕೋಕಿಲ ಅವರಂಥ ಸಮರ್ಥರನ್ನೂ ಈ ಐದು ನಿಮಿಷಗಳಲ್ಲಿ ಕಪಾಳಕ್ಕೆ ಹೊಡೆಸಿಕೊಳ್ಳಲು ನಿಲ್ಲಿಸಲಾಯಿತು. ಆ ಹೊತ್ತಿಗೆ ಥಿಯೇಟರು ನಕ್ಕಿರಬಹುದು. ಆ ಟ್ರ್ಯಾಕುಗಳ ಬಹುಪಾಲು ಯಾವ ಚಿತ್ರದ್ದೆಂದು ಇಂದು ಯಾರಿಗೂ ನೆನಪಿಲ್ಲ. ಮತ್ತೆ ನೋಡುವುದು, ಮನೆಯ ಕಿರಿಯರಿಗೆ ‘ಇದನ್ನು ನೋಡ್ರೋ’ ಎಂದು ಹಚ್ಚಿಕೊಡುವುದು, ಇಲ್ಲಿ ಕೆಲಸ ಮಾಡಿರುವ ಜರಡಿ ಇದು. ಅದನ್ನು ಹಿಡಿದಿರುವವರೂ ಅದೇ ಸಾಮಾನ್ಯ ಪ್ರೇಕ್ಷಕರು.

ಮೊದಲ ವಾರದಲ್ಲೇ ಜನ ಕೈಬಿಟ್ಟ ಒಳ್ಳೆಯ ನಗೆಚಿತ್ರಗಳಿಲ್ಲವೇ ಎಂದು ಕೇಳಬಹುದು. ಇವೆ. ಹಿಂದಿಯಲ್ಲಿ ಕುಂದನ್ ಶಾ ಅವರ ‘ಜಾನೇ ಭೀ ದೋ ಯಾರೋ’ 1983ರಲ್ಲೂ, ರಾಜಕುಮಾರ್ ಸಂತೋಷಿ ಅವರ ‘ಅಂದಾಜ್ ಅಪ್ನಾ ಅಪ್ನಾ’ 1994ರಲ್ಲೂ ಬಂದವು. ಎರಡಕ್ಕೂ ಆಗ ಹೇಳಿಕೊಳ್ಳುವಂಥ ಗಳಿಕೆಯಾಗಲಿಲ್ಲ. ಮೊದಲನೆಯದಕ್ಕೆ ಹೊಸ ನಿರ್ದೇಶಕನ ಚೊಚ್ಚಲ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿಯೇನೋ ಬಂತು. ಆದರೆ ಹೆಣವೊಂದು ಮಹಾಭಾರತ ನಾಟಕದಲ್ಲಿ ದ್ರೌಪದಿಯಾಗಿ ನಿಲ್ಲುವ ಅದರ ಕೊನೆಯ ಭಾಗವನ್ನು ಒಂದು ತಲೆಮಾರಿನ ಬಾಯಿಪಾಠವಾಗಿಸಿದ್ದು ದೂರದರ್ಶನದ ಎದುರು ಕೂತ ಮನೆಗಳು. ಎರಡನೆಯದನ್ನು ಎತ್ತಿ ನಿಲ್ಲಿಸಿದ್ದು ವೀಡಿಯೊ ಕ್ಯಾಸೆಟ್ಟು, ಕೇಬಲ್ ಟೀವಿ. ಪ್ರೇಕ್ಷಕರು ತಮ್ಮ ಮೊದಲ ತೀರ್ಪನ್ನು ತಾವೇ ತಿದ್ದಿಕೊಂಡರು. ಇಷ್ಟು ಬೇಗ, ಇಷ್ಟು ಬಹಿರಂಗವಾಗಿ ತೀರ್ಪು ಬದಲಿಸಿಕೊಂಡ ಪ್ರಶಸ್ತಿ ಸಮಿತಿ ಯಾವುದಿದೆ?

ನಗು ಊರು ದಾಟದು, ಆದ್ದರಿಂದ ಅದು ಸಣ್ಣ ಕಲೆ ಎಂಬ ಮಾತೂ ಉಂಟು. ಭಾಷೆಗೆ ಅಂಟಿಕೊಂಡ ಹಾಸ್ಯ ಅನುವಾದದಲ್ಲಿ ಸೊರಗುವುದು ಸುಳ್ಳಲ್ಲ. ಆದರೂ 2025ರ ಜುಲೈನಲ್ಲಿ ತೆರೆಕಂಡ ‘ಸು ಫ್ರಮ್ ಸೋ’ ಆ ಮಾತಿಗೆ ಉತ್ತರದಂತಿದೆ. ಜೆ.ಪಿ. ತುಮಿನಾಡು ಬರೆದು ನಿರ್ದೇಶಿಸಿ ಅಶೋಕನಾಗಿ ನಟಿಸಿದ ಚಿತ್ರವಿದು. ದೊಡ್ಡ ತಾರೆಯ ಹೆಸರಿಲ್ಲದೆ, ನೋಡಿ ಬಂದವರ ಬಾಯಿಮಾತಿನಿಂದಲೇ ಥಿಯೇಟರುಗಳನ್ನು ತುಂಬಿಸಿಕೊಂಡಿತು. ಕರಾವಳಿಯ ಹಳ್ಳಿ, ಮಾಡಬಾರದ್ದು ಮಾಡಿ ಸಿಕ್ಕಿಬೀಳುವ ಹುಡುಗ ಮೈಮೇಲೆ ದೆವ್ವ ಬಂದಂತೆ ನಟಿಸುತ್ತಾನೆ, ಊರು ಸೇರಿ ಅದಕ್ಕೆ ಸೋಮೇಶ್ವರದ ಸುಲೋಚನ ಎಂದು ಹೆಸರನ್ನೂ ವಿಳಾಸವನ್ನೂ ಹುಡುಕಿಕೊಡುತ್ತದೆ. ಹಿಂದೆಲ್ಲ ಬೆಂಗಳೂರಿನ ಚಿತ್ರಗಳಲ್ಲಿ ಮಂಗಳೂರು ಕನ್ನಡವೆಂದರೆ ಹೋಟೆಲು ಭಟ್ಟರ ಪಾತ್ರಕ್ಕೆ, ಉತ್ತರ ಕರ್ನಾಟಕದ ಕನ್ನಡವೆಂದರೆ ಅಣಕಕ್ಕೆ ಮೀಸಲು. ಇಲ್ಲಿ ಎಲ್ಲರೂ ಕರಾವಳಿಯ ಕನ್ನಡವನ್ನೇ ಆಡುವುದರಿಂದ ಆಡುವ ರೀತಿ ನಗೆಯ ವಸ್ತುವಾಗುವುದಿಲ್ಲ. ಆಡುವವರ ಹೆದರಿಕೆ, ಜಂಬ, ಕೆಲಸವಿಲ್ಲದ ಕುತೂಹಲ ನಗಿಸುತ್ತವೆ. ಕರಾವಳಿಯ ಆಚೆ ನಕ್ಕವರಿಗೂ ಭಾಷೆ ಅಡ್ಡಿಯಾಗದ್ದು ಇದೇ ಕಾರಣಕ್ಕೆ. ದ್ವಿತೀಯಾರ್ಧದಲ್ಲಿ ಸುಲೋಚನಳ ಮಗಳು ಬಂದ ಮೇಲೆ ಚಿತ್ರ ಗಂಭೀರವಾಗುತ್ತದೆ, ಅಲ್ಲಿ ‘ಸ್ವಲ್ಪ ಎಳೆದರು’ ಎಂದವರೂ ಇದ್ದಾರೆ. ನನ್ನ ಮಟ್ಟಿಗೆ ಆ ತಿರುವು ಸಲೀಸಾಗಿ ಬರುವುದಿಲ್ಲವಾದರೂ ಬೇಕಾದದ್ದು, ಯಾಕೆಂದರೆ ಅಲ್ಲಿಯವರೆಗೆ ಊರು ನಕ್ಕ ಹೆಸರಿನ ಹಿಂದೆ ಬದುಕಿದ್ದ ಹೆಂಗಸೊಬ್ಬಳಿದ್ದಳು ಎಂದು ತಿಳಿಯುವುದು ಅಲ್ಲೇ.

ಸಾಮಾನ್ಯ ಪ್ರೇಕ್ಷಕರ ತೀರ್ಪಿನಲ್ಲಿ ಕೊರತೆ ಇದ್ದರೆ ಅದು ಇಷ್ಟೇ: ನಕ್ಕೆವೆನ್ನುತ್ತಾರೆ, ಎಲ್ಲಿ ನಕ್ಕೆವೆಂದು ಹೇಳುವುದಿಲ್ಲ. ನಾವೂ ಕೇಳುವುದಿಲ್ಲ. ಮುಂದಿನ ಸಲ ಯಾರಾದರೂ ನಿಮಗೆ ‘ಹೋಗಿ ನೋಡಿ, ಸಖತ್ ಕಾಮಿಡಿ’ ಎಂದರೆ ಥಿಯೇಟರಿನ ಹೆಸರು ಕೇಳಿ ಸುಮ್ಮನಾಗಬೇಡಿ. ಯಾವ ಜಾಗದಲ್ಲಿ ನಗು ತಡೆಯಲಾಗಲಿಲ್ಲ, ಮನೆಗೆ ಬಂದ ಮೇಲೂ ಯಾವುದು ನೆನಪಾಯಿತು, ನಗು ಬಾರದೆ ಸುಮ್ಮನೆ ಕೂತದ್ದು ಎಲ್ಲಿ ಎಂದು ಕೇಳಿ. ಉತ್ತರ ಹೇಳಲು ಅವರಿಗೆ ಬರುತ್ತದೆ.