ಪೊಟ್ಟಣದ ಮೇಲಿನ ಇಂಗ್ಲಿಷ್

ಪೆನಾಂಗಿಗೋ ಸಿಂಗಪುರಕ್ಕೋ ಹೋಗಿಬಂದವರು ಅಲ್ಲಿನ ಮಾರುಕಟ್ಟೆಯಿಂದ ತರುವ ಸಾಮಾನುಗಳಲ್ಲಿ ಕಂದುಬಣ್ಣದ, ತೆಳ್ಳಗೆ ಹೆಚ್ಚಿ ಒಣಗಿಸಿದ ಹೋಳುಗಳ ಪೊಟ್ಟಣವೊಂದು ಇರುವುದುಂಟು. ಮಲಯ ಭಾಷೆಯಲ್ಲಿ ಅದು ‘ಅಸಮ್ ಕೆಪಿಂಗ್’. ಅಸಮ್ ಎಂದರೆ ಹುಳಿ, ಕೆಪಿಂಗ್ ಎಂದರೆ ಹೋಳು. ಪೊಟ್ಟಣದ ಮೇಲೆ ಇಂಗ್ಲಿಷಿನಲ್ಲಿ ಮಾತ್ರ ಬಹಳ ಸಲ ‘ಟ್ಯಾಮರಿಂಡ್ ಸ್ಲೈಸ್’ ಎಂದು ಅಚ್ಚಾಗಿರುತ್ತದೆ. ಪುಣೆಯಲ್ಲೋ ಹೈದರಾಬಾದಿನಲ್ಲೋ ಇರುವ ಕನ್ನಡದ ಮನೆಯವರು ಅದನ್ನು ಓದಿ, ಹುಣಸೆಹಣ್ಣಿಗೆ ಅಷ್ಟು ದೂರ ಹೋಗಬೇಕಿತ್ತೇ ಎಂದು ನಗುತ್ತಾರೆ. ಪೊಟ್ಟಣವನ್ನು ಕಪಾಟಿಗೆ ಸೇರಿಸಿ ಡಬ್ಬಿಯ ಹುಣಸೆಯನ್ನೇ ಕಿವುಚಿ ಹಾಕುತ್ತಾರೆ. ಸಾರು ಕಪ್ಪಗೆ, ಮಂದವಾಗಿ ಕೂರುತ್ತದೆ.

ಆ ಹೋಳು ಹುಣಸೆಯದಲ್ಲ. ಅದು ಗಾರ್ಸಿನಿಯಾ ಜಾತಿಯ ಹಣ್ಣು, ಅಂದರೆ ಮಲೆನಾಡಿನ ಉಪ್ಪಾಗೆ ಮತ್ತು ಮುರುಗಲಿನ ಹತ್ತಿರದ ನೆಂಟ. ಪೆನಾಂಗಿನ ಅಸಮ್ ಲಕ್ಸಾಗೆ ಮೀನಿನ ಸಾರು ಕುದಿಯುವಾಗ ನಾಲ್ಕಾರು ಹೋಳು ಹಾಕಿ, ಹುಳಿ ಬಿಟ್ಟ ಮೇಲೆ ತೆಗೆದುಬಿಡುತ್ತಾರೆ, ಸಾರು ಕದಡುವುದಿಲ್ಲ. ಉಪ್ಪಾಗೆ ಸಿಪ್ಪೆ ಬಳಸಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಒಂದೇ ವ್ಯತ್ಯಾಸ, ಉಪ್ಪಾಗೆಯನ್ನು ಹೊಗೆಯಲ್ಲಿ ಒಣಗಿಸುವುದರಿಂದ ಅದರ ಬಣ್ಣ, ವಾಸನೆ ಎರಡೂ ಗಾಢ. ಒಂದು ಸಿಪ್ಪೆ ಕಡಿಮೆ ಹಾಕಿದರೆ ಸರಿ. ಇನ್ನು ನಿಜವಾದ ಹುಣಸೆಗೆ ಮಲಯದವರು ಇಟ್ಟ ಹೆಸರು ‘ಅಸಮ್ ಜಾವಾ’, ಜಾವಾದ ಹುಳಿ. ಅರಬರು ಅದೇ ಹಣ್ಣನ್ನು ‘ತಮರ್ ಹಿಂದಿ’, ಹಿಂದೂಸ್ತಾನದ ಖರ್ಜೂರ, ಎಂದರು. ಇಂಗ್ಲಿಷ್ ಆ ಅರಬ್ಬೀ ಹೆಸರನ್ನು ಎತ್ತಿಕೊಂಡು, ಕೊನೆಗೆ ಹುಣಸೆಯಲ್ಲದ ಹಣ್ಣಿಗೂ ಅಂಟಿಸಿತು.

ಆಗ್ನೇಯ ಏಷ್ಯಾದ ಅಡುಗೆಯನ್ನು ಮನೆಯಲ್ಲಿ ಮಾಡಹೊರಟ ಭಾರತೀಯರಿಗೆ ಎದುರಾಗುವ ಅಪರಿಚಯದಲ್ಲಿ ಅರ್ಧಪಾಲು ಇಂಥದ್ದು. ಪದಾರ್ಥ ದೂರದ್ದಲ್ಲ, ಅದರ ಹೆಸರು ಲಂಡನ್ ಸುತ್ತಿ ಬಂದಿದೆ. ಥಾಯ್ ಜನರ ನಿತ್ಯದ ಊಟವಾದ ‘ಪಾಟ್ ಕಪ್ರಾವ್’ ನೋಡಿ. ಮಾಂಸವನ್ನು ಬೆಳ್ಳುಳ್ಳಿ, ಮೆಣಸಿನಕಾಯಿಯ ಜೊತೆ ಜೋರು ಉರಿಯಲ್ಲಿ ಹುರಿದು, ಕೊನೆಗೆ ಹಿಡಿ ಎಲೆ ಹಾಕುತ್ತಾರೆ. ಆ ಕಪ್ರಾವ್ ಎಲೆ ತುಳಸಿ, ನಮ್ಮ ವೃಂದಾವನದ್ದೇ ಪ್ರಭೇದ. ‘ಥಾಯ್ ಬೇಸಿಲ್’ ಎಂಬ ಚೀಟಿಯಡಿ ಮಾರುವ ಸೊಪ್ಪು ಬೇರೆಯೇ, ‘ಹೊರಪಾ’. ಸೋಂಪಿನ ವಾಸನೆಯ ಅದು ಕಾಮಕಸ್ತೂರಿಯ ಬಳಗದ್ದು. ತುಳಸಿಯನ್ನು ಮಾಂಸದ ಜೊತೆ ಬಾಣಲೆಗೆ ಹಾಕುವುದು ಅನೇಕರ ಮನಸ್ಸಿಗೆ ಒಗ್ಗದು. ಒಗ್ಗಬೇಕಿಲ್ಲ, ತೋಫು ಹಾಕಿ, ಇಲ್ಲವೇ ಆ ಅಡುಗೆಯನ್ನೇ ಬಿಡಿ. ಆದರೆ ಗೊತ್ತಿದ್ದು ಬಿಡುವುದು ಬೇರೆ, ಇಂಗ್ಲಿಷ್ ಹೆಸರಿನ ಮರೆಯಲ್ಲಿ ಗೊತ್ತಾಗದೇ ಹೋಗುವುದು ಬೇರೆ. ನಾವು ಕೈಮುಗಿಯುವ ಗಿಡವನ್ನು ನೆರೆಯವರು ಪ್ರೀತಿಯಿಂದ ತಿನ್ನುತ್ತಾರೆಂಬುದು ತಿಳಿದಿರಬೇಕಾದ ಸಂಗತಿಯೇ.

ಹಾಗೆಂದು ‘ಎಲ್ಲವೂ ನಮ್ಮಲ್ಲೇ ಇದೆ’ ಎಂಬ ಹೆಮ್ಮೆಯೂ ಅಡುಗೆ ಕೆಡಿಸುತ್ತದೆ. ಪಾಂಡನ್ ಎಲೆ ಕೇದಗೆಯ ಕುಲದ್ದು ಎಂದು ತಿಳಿದ ಕೂಡಲೇ ಕೇವ್ಡಾ ನೀರು ಚಿಮುಕಿಸುವವರಿದ್ದಾರೆ. ಕೇವ್ಡಾ ಹೂವಿನದು, ಅದು ಅತ್ತರಿನ ಹಾಗೆ. ಪಾಂಡನ್ ಎಲೆಯದು ಬಾಸ್ಮತಿ ಅನ್ನದ ಪರಿಮಳ, ಎರಡರಲ್ಲೂ ಇರುವ ಮುಖ್ಯ ಗಂಧದ್ರವ್ಯ ಒಂದೇ. ಎಲೆ ಸಿಗದಿದ್ದರೆ ಒಳ್ಳೆಯ ಪರಿಮಳದ ಅಕ್ಕಿ ಬಳಸಿ ಸುಮ್ಮನಿರುವುದು ಲೇಸು. (ಕೇದಗೆ ಎಲೆಯ ಕೊಟ್ಟೆಯಲ್ಲಿ ಮೂಡೆ ಬೇಯಿಸುವ ಕರಾವಳಿಯವರಿಗೆ ಎಲೆ ಬೇರೆ, ಹೂವು ಬೇರೆ ಎಂಬುದು ಗೊತ್ತೇ ಇದೆ.) ಗಲಂಗಲ್‌ಗೆ ಬದಲು ಶುಂಠಿ ಎಂಬ ಸಲಹೆಯೂ ಅಷ್ಟೇ ಕೆಟ್ಟದ್ದು. ಶುಂಠಿಯ ಖಾರ ಅದಕ್ಕಿಲ್ಲ, ಅದರ ಕಟುವಾದ ಕಂಪು ಶುಂಠಿಗಿಲ್ಲ. ಅದು ನಮ್ಮ ದುಂಪರಾಸ್ಮೆ. ಚೆನ್ನೈನ ನಾಟಿ ಮದ್ದಿನಂಗಡಿಗಳಲ್ಲಿ ‘ಪೇರರತ್ತೈ’ ಎಂದು ಕೇಳಿದರೆ ಒಣಗಿದ್ದು ಸಿಗುತ್ತದೆ. ಕುದಿಸುವ ಸಾರಿಗೆ ಅದು ನಡೆದೀತು, ಅರೆಯುವ ಮಸಾಲೆಗೆ ಹಸಿಯದೇ ಬೇಕು. ಮಜ್ಜಿಗೆ ಹುಲ್ಲಿನ ವಿಷಯದಲ್ಲಿ ಮುಂಬೈ, ಪುಣೆಯವರು ಒಂದು ಗಮನಿಸಬೇಕು. ಅಲ್ಲಿ ಗವತಿ ಚಹಾ ಎಂದು ಕಟ್ಟು ಕಟ್ಟಿ ಮಾರುವುದು ಬಹುಪಾಲು ಎಲೆ. ಅರೆಯಲು ಬೇಕಾದದ್ದು ಬುಡದ ಬಿಳಿ ದಂಟು.

ತೆಂಗಿನಹಾಲಿನ ಡಬ್ಬಿಗೆ ದುಡ್ಡು ಸುರಿಯುವುದಂತೂ ತೀರ ಅನಗತ್ಯ. ಥಾಯ್ ಕರಿಯ ಸಾಂಪ್ರದಾಯಿಕ ವಿಧಾನದಲ್ಲಿ ಗಟ್ಟಿ ಹಾಲನ್ನು ಎಣ್ಣೆ ಬಿಡುವವರೆಗೆ ಕುದಿಸಿ, ಆ ಎಣ್ಣೆಯಲ್ಲೇ ಅರೆದ ಮಸಾಲೆ ಹುರಿಯುತ್ತಾರೆ. ಒಡೆಯದಿರಲೆಂದು ಸ್ಥಿರಕಾರಿ ಬೆರೆಸಿದ ಡಬ್ಬಿಯ ಹಾಲು ಸುಲಭವಾಗಿ ಎಣ್ಣೆ ಬಿಡುವುದಿಲ್ಲ. ಮನೆಯಲ್ಲಿ ತುರಿದು, ಬಟ್ಟೆಯಲ್ಲಿ ಹಿಂಡಿದ ಮೊದಲ ಹಾಲು ಬಿಡುತ್ತದೆ. ಬ್ಯಾಂಕಾಕಿನ ವಿಧಾನಕ್ಕೆ ಹತ್ತಿರವಿರುವುದು ಅಂಗಡಿಯ ಡಬ್ಬಿಯಲ್ಲ, ಮೂಲೆಯಲ್ಲಿ ಧೂಳು ಹಿಡಿಯುತ್ತಿರುವ ತುರಿಮಣೆ.

ಸಸ್ಯಾಹಾರಿಗಳು ಚೀಟಿಯನ್ನು ಇನ್ನೊಂದು ಕಾರಣಕ್ಕೆ ಓದಬೇಕು. ಕೆಂಪು, ಹಸಿರು ಕರಿಯ ಸಿದ್ಧ ಮಸಾಲೆಗಳಲ್ಲಿ ಅನೇಕವಕ್ಕೆ ಸಿಗಡಿ ಹಿಂಡಿ ಸೇರಿರುತ್ತದೆ. ಥಾಯ್‌ನಲ್ಲಿ ಅದು ‘ಕಪಿ’, ಇಂಡೊನೇಷ್ಯಾದಲ್ಲಿ ‘ತೆರಾಸಿ’, ಮಲಯದಲ್ಲಿ ‘ಬೆಲಚಾನ್’. ಗೋವಾದ ‘ಬಾಲ್ಚಾವ್’ ಈ ಬೆಲಚಾನ್‌ನಿಂದಲೇ, ಪೋರ್ಚುಗೀಸರ ಮೂಲಕ ಬಂದ ಪದ ಎನ್ನುತ್ತಾರೆ. ಒಣ ಸಿಗಡಿ ಚಟ್ನಿ ತಿಂದು ಬೆಳೆದ ಕರಾವಳಿಯವರು ಇದರ ನಾತಕ್ಕೆ ಹೆದರಬೇಕಿಲ್ಲ. ಚೂರನ್ನು ಸುಟ್ಟು ಅರೆದರಾಯಿತು. ತಿನ್ನದವರು ಮಸಾಲೆಯನ್ನು ತಾವೇ ಅರೆದುಕೊಂಡು, ಉಪ್ಪಿನ ಜೊತೆ ಸ್ವಲ್ಪ ಸೋಯಾ ಸಾಸ್ ಸೇರಿಸಿಕೊಳ್ಳಲಿ. ಮಿಕ್ಸಿಯಲ್ಲಿ ಹತ್ತು ನಿಮಿಷದ ಕೆಲಸ.