ದ್ವಿಚಕ್ರವ್ರತವೂ ಅದರ ಆಕ್ಷೇಪಕರೂ

ಬೈಸಿಕಲ್ಲನ್ನೇರಿ ನೂರಾರು ಕಿಲೋಮೀಟರು ದಾರಿಯನ್ನು ಹಗಲಿರುಳೆನ್ನದೆ ಕ್ರಮಿಸುವವರನ್ನು ಕಂಡು ನಗುವವರು ಎಲ್ಲ ದೇಶಗಳಲ್ಲಿಯೂ ಇರುವರು. ಮೋಟಾರೂ ರೈಲೂ ಇರುವಾಗ ಈ ದೇಹದಂಡನೆ ಏತಕ್ಕೆಂಬುದು ಅವರ ಮೊದಲನೆಯ ಆಕ್ಷೇಪ. ಇದು ಹಣವಂತರ ವಿನೋದವೆಂಬುದು ಎರಡನೆಯದು. ಮದ್ದು ಸೇವಿಸಿ ಗೆದ್ದವರ ಕಥೆ ಬಯಲಾದ ಮೇಲೆ, ಭಕ್ತಿ, ಸಂಪ್ರದಾಯಗಳೆಂಬ ದೊಡ್ಡ ಮಾತುಗಳಿಗೆ ಇಲ್ಲಿ ಎಡೆಯೆಲ್ಲಿ ಎಂಬುದು ಮೂರನೆಯದು. ಪೂರ್ವಪಕ್ಷವನ್ನು ಸಾವಧಾನವಾಗಿ ಕೇಳದೆ ಸಿದ್ಧಾಂತ ಹೇಳುವುದು ಶಾಸ್ತ್ರಮರ್ಯಾದೆಯಲ್ಲ. ಆದುದರಿಂದ ಈ ಮೂರನ್ನೂ ಒಂದೊಂದಾಗಿ ಪರೀಕ್ಷಿಸತಕ್ಕದ್ದು.

ಮೊದಲನೆಯದನ್ನು ನೋಡೋಣ. ಯುಗಾದಿಯ ಕಾಲಕ್ಕೆ ವಿಜಯಪುರ, ಬಾಗಲಕೋಟೆಗಳ ಸೀಮೆಯಿಂದ ಶ್ರೀಶೈಲಕ್ಕೆ ನಡೆದುಹೋಗುವ ಭಕ್ತರನ್ನು, ಬಸ್ಸಿರುವಾಗ ನಡೆಯುವುದೇಕೆಂದು ಯಾರೂ ಕೇಳುವುದಿಲ್ಲ. ಆ ದಾರಿಯನ್ನು ಸವೆಸುವುದೇ ಸೇವೆಯೆಂದು ಎಲ್ಲರೂ ಬಲ್ಲರು. ಫ್ರಾನ್ಸ್ ದೇಶದಲ್ಲಿ ಪ್ಯಾರಿಸಿನ ಕಡೆಯಿಂದ ಪಶ್ಚಿಮ ಸಮುದ್ರತೀರದ ಬ್ರೆಸ್ಟ್ ನಗರಕ್ಕೆ ಹೋಗಿ ಹಿಂದಿರುಗುವ ಬೈಸಿಕಲ್ ಯಾತ್ರೆಯೊಂದುಂಟು. ಪತ್ರಿಕಾಕರ್ತನಾದ ಪಿಯೆರ್ ಜಿಫಾರನು 1891ರಲ್ಲಿ ಅದನ್ನು ಪಂದ್ಯವಾಗಿ ಆರಂಭಿಸಿದನು. ಆ ವರ್ಷ ಶಾರ್ಲ್ ತೆರೋಂ ಎಂಬವನು ಮೂರು ದಿನಗಳಿಗಿಂತ ಕಡಿಮೆ ಕಾಲದಲ್ಲಿ ಮರಳಿ ಬಂದು ಗೆದ್ದನು. ಸಂಬಳದ ಸವಾರರ ಪಂದ್ಯವು 1951ರ ಬಳಿಕ ನಿಂತುಹೋಯಿತು. 1931ರಿಂದ ಅದರ ಜೊತೆಯಲ್ಲಿಯೇ ಬೆಳೆದುಬಂದ ಹವ್ಯಾಸಿಗಳ ಯಾತ್ರೆಯು ಮಾತ್ರ ಉಳಿಯಿತು. ಈಗ ಅದು ನಾಲ್ಕು ವರ್ಷಗಳಿಗೊಮ್ಮೆ ನಡೆಯುತ್ತದೆ. ದಾರಿ ಸುಮಾರು 1200 ಕಿಲೋಮೀಟರು. ಹೆಚ್ಚೆಂದರೆ 90 ಗಂಟೆಗಳ ಅವಧಿ. ಇದಕ್ಕೆ ಅಧಿಕಾರಿಯಾಗಬೇಕಾದರೆ ಅದೇ ವರ್ಷದಲ್ಲಿ 200, 300, 400, 600 ಕಿಲೋಮೀಟರುಗಳ ನಾಲ್ಕು ಯಾತ್ರೆಗಳನ್ನು ಗೊತ್ತಾದ ವೇಳೆಯೊಳಗೆ ಮುಗಿಸಿರಬೇಕು. ಈ ಪೂರ್ವಯಾತ್ರೆಗಳಿಗೆ ಬ್ರೆವೆಯೆಂದು ಹೆಸರು. ಬೆಂಗಳೂರಿನಿಂದಲೂ ಇದೇ ನಿಯಮದ ಬ್ರೆವೆಗಳು ನಡೆಯುತ್ತವೆ.

ಇಷ್ಟು ಪಾಡುಪಟ್ಟವನಿಗೆ ದೊರೆಯುವ ಫಲವೇನು? ಬಹುಮಾನದ ಹಣವಿಲ್ಲ, ಮೊದಲನೆಯವನು, ಎರಡನೆಯವನು ಎಂಬ ಗಣನೆಯೂ ಇಲ್ಲ. ನಿಲ್ದಾಣ ನಿಲ್ದಾಣದಲ್ಲಿ ಮುದ್ರೆ ಬಿದ್ದ ಒಂದು ಚೀಟಿ, ಒಂದು ಚಿಕ್ಕ ಪದಕ, ಇಷ್ಟೇ. ಆದರೂ ಮಧ್ಯರಾತ್ರಿಯಲ್ಲಿ ಹಳ್ಳಿಗರು ಮನೆಯ ಮುಂದೆ ಮೇಜು ಹಾಕಿಕೊಂಡು, ಗುರುತುಪರಿಚಯವಿಲ್ಲದ ಸವಾರರಿಗೆ ಕಾಫಿಯನ್ನೂ ತಿಂಡಿಯನ್ನೂ ಕೊಡುತ್ತ ಕುಳಿತಿರುವರು. ಶ್ರೀಶೈಲದ ದಾರಿಯ ದಾಸೋಹವನ್ನು ಕಂಡವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಫಲಾಪೇಕ್ಷೆಯಿಲ್ಲದೆ, ತಾನಾಗಿ ಒಪ್ಪಿಕೊಂಡ ನಿಯಮವನ್ನು ಕಡೆಯ ತನಕ ನಡೆಸುವುದೇ ವ್ರತ. ಹೆಸರು ಬೇರೆ, ಲಕ್ಷಣ ಒಂದೇ.

ಇದು ಹಣವಂತರ ವಿನೋದವೆಂಬವರು ಇದರ ಚರಿತ್ರೆಯನ್ನು ಓದಿದವರಲ್ಲ. ಇಟಲಿಯ ಫೌಸ್ತೊ ಕೊಪ್ಪಿಯು ಹುಡುಗನಾಗಿದ್ದಾಗ ಮಾಂಸದಂಗಡಿಯ ಸಾಮಾನುಗಳನ್ನು ಬೈಸಿಕಲ್ಲಿನ ಮೇಲೆ ಮನೆಮನೆಗೆ ಮುಟ್ಟಿಸುತ್ತಿದ್ದವನು. ಅವನ ಪ್ರತಿಸ್ಪರ್ಧಿ ಜಿನೊ ಬಾರ್ತಾಲಿಯು ಬೈಸಿಕಲ್ ರಿಪೇರಿಯ ಅಂಗಡಿಯಲ್ಲಿ ದುಡಿದವನು. ಕನ್ನಡನಾಡಿನಲ್ಲಿಯೇ ನೋಡುವುದಾದರೆ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಒಕ್ಕಲುಮನೆಗಳ ಮಕ್ಕಳೇ ಈ ವಿದ್ಯೆಯಲ್ಲಿ ಹೆಸರು ಪಡೆದವರು.

ಫ್ರಾನ್ಸಿನ ಯೂಜೀನ್ ಕ್ರಿಸ್ತೋಫನು ಬೀಗ ಮಾಡುವ ಕೆಲಸ ಕಲಿತವನು. 1913ರ ಟೂರ್ ದ ಫ್ರಾನ್ಸ್ ಪಂದ್ಯದಲ್ಲಿ, ತೂರ್ಮಲೆ ಘಟ್ಟದ ಇಳಿಜಾರಿನಲ್ಲಿ, ಅವನ ಬೈಸಿಕಲ್ಲಿನ ಮುಂಗವಲು ಮುರಿಯಿತು. ಅನ್ಯರ ಸಹಾಯ ಪಡೆಯಕೂಡದೆಂಬುದು ಅಂದಿನ ನಿಯಮ. ಅವನು ವಾಹನವನ್ನು ಹೆಗಲಿಗೇರಿಸಿ ಹತ್ತು ಕಿಲೋಮೀಟರಿಗೂ ಹೆಚ್ಚು ನಡೆದು, ಸೇಂತ್ ಮಾರಿ ದ ಕಾಂಪಾಂ ಎಂಬ ಊರಿನ ಕುಲುಮೆಯಲ್ಲಿ, ಅಧಿಕಾರಿಗಳ ಕಣ್ಣೆದುರಿಗೆ, ತನ್ನ ಕೈಯಿಂದಲೇ ಕಬ್ಬಿಣವನ್ನು ಕಾಯಿಸಿ ಬಡಿದು ಸರಿಪಡಿಸಿಕೊಂಡನು. ಹುಡುಗನೊಬ್ಬನು ತಿದಿಯೊತ್ತಿದನೆಂಬ ಕಾರಣಕ್ಕೆ ಅವನಿಗೆ ಕಾಲದಂಡವನ್ನೂ ವಿಧಿಸಿದರು! ಆದರೂ ಅವನು ಪಂದ್ಯವನ್ನು ಬಿಡದೆ ಏಳನೆಯವನಾಗಿ ಮುಗಿಸಿದನು. ಟೂರನ್ನು ಅವನು ಜೀವಮಾನದಲ್ಲಿ ಒಮ್ಮೆಯೂ ಗೆಲ್ಲಲಿಲ್ಲ. ಆ ವರ್ಷ ಗೆದ್ದವನ ಹೆಸರನ್ನು ಮರೆತವರೂ ಕ್ರಿಸ್ತೋಫನ ಕುಲುಮೆಯನ್ನು ನೆನೆಯುವರು. ಆ ಊರಿನಲ್ಲಿ ಅದರ ಸ್ಮಾರಕಫಲಕವೂ ಇದೆ. ನಿಯಮವು ಕ್ರೂರವಾಗಿತ್ತೆಂದರೆ ಒಪ್ಪತಕ್ಕದ್ದೇ; ಮುಂದೆ ಅದು ಸಡಿಲವಾಯಿತು. ಆದರೆ ಕ್ರೂರನಿಯಮದ ಮುಂದೆಯೂ ವಂಚಿಸದವನ ಹಿರಿಮೆಯು ಸಡಿಲವಾಗಲಿಲ್ಲ.

ಮೂರನೆಯ ಆಕ್ಷೇಪವೇ ಬಲವಾದುದು. ಅಮೆರಿಕದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗನು 1999ರಿಂದ 2005ರ ವರೆಗೆ ಗಳಿಸಿದ ಏಳು ಟೂರ್ ವಿಜಯಗಳೂ ನಿಷಿದ್ಧ ಔಷಧಗಳ ಸೇವನೆಯ ಕಾರಣದಿಂದ 2012ರಲ್ಲಿ ರದ್ದಾದುವು. ಅವನೊಬ್ಬನೇ ತಪ್ಪಿತಸ್ಥನೂ ಅಲ್ಲ. ಇದನ್ನು ಮುಚ್ಚಿಡುವುದು ಭಕ್ತಿಯ ಲಕ್ಷಣವಲ್ಲ. ಆದರೆ ಆಕ್ಷೇಪಕರು ಒಂದು ಸಂಗತಿಯನ್ನು ಗಮನಿಸತಕ್ಕದ್ದು. ಆ ಏಳು ವರ್ಷಗಳ ವಿಜಯವನ್ನು ಮತ್ತಾರಿಗೂ ಕೊಡಲಿಲ್ಲ. ಆ ಸ್ಥಾನಗಳು ಇಂದಿಗೂ ಬರಿದಾಗಿಯೇ ಇವೆ. ವ್ರತಭಂಗವೆಂಬ ಮಾತಿಗೆ ಅರ್ಥ ಬರಬೇಕಾದರೆ ವ್ರತವೊಂದು ಇರಲೇಬೇಕು. ಒಬ್ಬ ಅರ್ಚಕನು ಕದ್ದನೆಂದು ದೇವಸ್ಥಾನದ ಬಾಗಿಲಿಗೆ ಶಾಶ್ವತವಾಗಿ ಬೀಗ ಹಾಕುವವರುಂಟೇ?

ಈ ಬಳಗದ ಹೃದಯವನ್ನು ಕಾಣಬೇಕಾದವರು 1995ರ ಜುಲೈ ತಿಂಗಳನ್ನು ನೆನೆಯಲಿ. ಇಟಲಿಯ ಫಾಬಿಯೊ ಕಾಸಾರ್ತೆಲ್ಲಿಯು ಟೂರಿನ ಘಟ್ಟದ ಇಳಿಜಾರಿನಲ್ಲಿ ಬಿದ್ದು ಮಡಿದನು. ಮರುದಿನ ಸವಾರರಾರೂ ಸ್ಪರ್ಧಿಸಲಿಲ್ಲ. ದಿನವಿಡೀ ಶವಯಾತ್ರೆಯಂತೆ ಒಟ್ಟಾಗಿ ಸಾಗಿ, ಕೊನೆಯಲ್ಲಿ ಅವನ ತಂಡದವರನ್ನು ಮುಂದೆ ಬಿಟ್ಟರು. ಅವನ ಮುರಿದ ಬೈಸಿಕಲ್ಲು ಕೊಮೊ ಸರೋವರದ ಮೇಲಣ ಗಿಸಾಲ್ಲೊ ಎಂಬ ಬೆಟ್ಟದ ಮೇರಿಯಮ್ಮನ ಪ್ರಾರ್ಥನಾಮಂದಿರದಲ್ಲಿದೆ. ಆ ಗಿಸಾಲ್ಲೊ ಮಾತೆಯನ್ನು 1949ರಲ್ಲಿ ಹನ್ನೆರಡನೆಯ ಪಿಯುಸ್ ಪೋಪರು ಬೈಸಿಕಲ್ ಸವಾರರ ರಕ್ಷಕಳೆಂದು ಘೋಷಿಸಿದರು. ಕೊಪ್ಪಿ, ಬಾರ್ತಾಲಿಗಳ ಬೈಸಿಕಲ್ಲುಗಳೂ ಅಲ್ಲಿಯೇ ಇವೆ. ಗೆದ್ದವರದೂ ಬಿದ್ದವನದೂ ಒಂದೇ ಗೋಡೆಯಾಶ್ರಯದಲ್ಲಿರುವುದನ್ನು ನಗುವವರು ಒಮ್ಮೆ ಯೋಚಿಸಲಿ.

ಇನ್ನು ಹೊರಗಿನವರ ನಗೆಗಿಂತ ಹೆಚ್ಚು ಹಾನಿಯನ್ನು ಮಾಡುವವರು ಒಳಗೇ ಇರುವರು. ಲಕ್ಷಗಟ್ಟಲೆ ರೂಪಾಯಿಯ ವಾಹನವನ್ನು ಕೊಂಡು, ಅದರ ತೂಕವನ್ನು ಗ್ರಾಮಿನಲ್ಲಿ ಎಣಿಸಿ, ಹಳೆಯ ಉಕ್ಕಿನ ಬೈಸಿಕಲ್ಲಿನವನನ್ನು ಕಣ್ಣೆತ್ತಿಯೂ ನೋಡದವರು ಇವರು. ಬೆಳ್ಳಿಯ ಪಂಚಪಾತ್ರೆಯಿದ್ದ ಮಾತ್ರಕ್ಕೆ ಸಂಧ್ಯಾವಂದನೆ ಮುಗಿಯಲಿಲ್ಲವಷ್ಟೆ! ಹಾಲಿನವನೂ ಅಂಚೆಯವನೂ ಶಾಲೆಯ ಹುಡುಗಿಯೂ ತುಳಿಯುವ ವಾಹನವೇ ಇದು. ಅವರನ್ನು ಹೀನವೆಂದೆಣಿಸುವವನು ಸಾವಿರ ಕಿಲೋಮೀಟರು ತುಳಿದರೂ ದಾರಿಯನ್ನು ಮಾತ್ರ ಸವೆಸಿದನು, ಸಂಪ್ರದಾಯವನ್ನು ಸೇರಲಿಲ್ಲ.

ಆದುದರಿಂದ ಸಿದ್ಧಾಂತವಿಷ್ಟು. ವೇಗವೂ ಬೆಲೆಯೂ ವಿಜಯವೂ ಈ ಭಕ್ತಿಗೆ ಪ್ರಮಾಣಗಳಲ್ಲ. ಯಾರೂ ನೋಡದ ರಾತ್ರಿಯ ದಾರಿಯಲ್ಲಿ ನಿಯಮವನ್ನು ಮುರಿಯದಿರುವುದೇ ಪ್ರಮಾಣ. ಅದುಳ್ಳವನನ್ನು ಮರುಳನೆಂದು ಕರೆಯುವವರು, ತಾವು ತಾವಾಗಿ ಒಪ್ಪಿಕೊಂಡ ಯಾವ ನಿಯಮವನ್ನು 90 ಗಂಟೆಗಳ ಕಾಲ ತಪ್ಪದೆ ನಡೆಸಿರುವರೆಂಬುದನ್ನು ಮೊದಲು ಹೇಳಲಿ, ಆಮೇಲೆ ನಗಲಿ.